ಮುನ್ನೂರಾ ಹನ್ನೆರಡು ತಾಟು

ಮೂವತ್ತೊಂದು ವರ್ಷ ಹೆಸರು ಕೊರೆದವ ನಾನು.
ಬೆಟಗೇರಿ ಬಜಾರದಾಗ, ಬಾಂಡೆ ಅಂಗಡಿ ಮುಂದ
ಒಂದು ಸ್ಟೂಲು, ಒಂದು ವಾಯರು,
ಗುಂಯ್ ಅನ್ನೋ ಸೂಜಿ.
ಮದುವಿ ಸಾಮಾನು ಬಂದ್ರ ಕೇಳತಿದ್ದೆ:
ಯಾರ ಹೆಸರು? ತಾರೀಖು ಹಾಕ್ಲ್ಯಾ?
ಅಕ್ಷರಕ್ಕ ಎಂಟಾಣೆ ಆದ ವರ್ಷ
ಜನ ಅಡ್ಡಹೆಸರು ಬಿಡಿಸಿದ್ರು.

ಆ ತಾಟಿನಾಗ ಯಾರೂ ಉಣ್ಣಲಿಲ್ಲ.
ಹಳೇ ಪತ್ತಲ ಸುತ್ತಿಕೊಂಡು ಅಟ್ಟ ಏರಿದವು.
ಕೆಳಗ, ತೊಟ್ಟಿಲಕ್ಕ, ಸೀಮಂತಕ್ಕ, ದಿವಸದ ಊಟಕ್ಕ
ಬೆಳ್ಳಿ ಬಣ್ಣ ಬಳಿದ ಕಾಗದದ ತಾಟು ಬಂದವು.
ಮರುದಿನ ಗಟಾರ ಕಟ್ಟತಿತ್ತು.
ಸಂಜಿಕ ಯಾರೋ ಕಡ್ಡಿ ಗೀರತಿದ್ರು.
ಆ ಹೊಗಿ ನನ್ನ ಮೊಮ್ಮಗಳು ರೇಷ್ಮಾಳ ಎದಿಯೊಳಗ
ಬಾಡಿಗಿ ಕೊಡದ ಮನಿ ಮಾಡಿತ್ತು.

ಮೊದಲು ಅಟ್ಟ ಏರಿದಾಕಿ ಅಂಬುಬಾಯಿ ಬಾಕಳೆ.
ಎಪ್ಪತ್ತರ ಮೊಣಕಾಲು. ನಿಚ್ಚಣಿಕಿ ಹಿಡಿಯಾಕ ನಾನು.
ಇಪ್ಪತ್ತಾರು ತಾಟು ಇಳಿಸಿ ಕಟ್ಟಿ ಮ್ಯಾಲೆ ಇಟ್ಟು,
ದೂಳಿಗೆ ಸೀನಿ, ಅಂದಳು:
"ಸತ್ತಮ್ಯಾಲೆ ಹುಡುಗರು ತೂಕಕ್ಕ ಹಾಕ್ತಾರ.
ಅದಕ್ಕಿಂತ ಓಣಿ ಉಣ್ಣಲಿ."

ಹಿಂಗ ಕೂಡಿದವು ಮುನ್ನೂರಾ ಹನ್ನೆರಡು.
ಬಾಡಿಗಿ ಇಲ್ಲ. ತಿಕ್ಕಿ ಕೊಡಬೇಕು, ಎಣಿಸಿ ಕೊಡಬೇಕು.
ಒಂದು ನೋಟಬುಕ್ಕು, ದಾರ ಕಟ್ಟಿದ ಪೆನ್ನು.

ಮಗ್ಗದ ಈರಣ್ಣ ಕೇಳಿದ, ಸುಳ್ಳಲ್ಲ ಅವನ ಮಾತು:
"ನಳ ಬರೋದು ಹದಿಮೂರು ದಿನಕ್ಕೊಮ್ಮೆ.
ಇಷ್ಟು ತಾಟು ಯಾರ ಕಣ್ಣೀರಾಗ ತೊಳೀತೀರಿ?"
ಯಾರೂ ಉತ್ತರ ಕೊಡಲಿಲ್ಲ.
ಹುಸೇನಬಿ ಎದ್ದು ಹೋದಳು.
ಒಲಿ ಬೂದಿ ತಂದಳು, ತೆಂಗಿನ ನಾರು ತಂದಳು.
ಮೊದಲು ಒಣ ಬೂದಿ ತಿಕ್ಕು,
ಆಮ್ಯಾಲೆ ಒಂದು ಅದ್ದು, ಇನ್ನೊಂದು ಅದ್ದು.
ಐವತ್ತು ತಾಟಿಗೆ ಎರಡು ಕೊಡ;
ಎಂಜಲು ಎಮ್ಮಿಗೆ, ಬೂದಿನೀರು ನುಗ್ಗಿಗಿಡಕ್ಕ.
"ಆದ್ರೂ ಹೆಚ್ಚಾತು," ಅಂದ ಈರಣ್ಣ.
ಮೂರನೇ ಕೊಡ ಅವನ ಮನಿಯಿಂದಲೇ ಬಂತು.

ಕಪ್ಪತಗುಡ್ಡದ ಕಡೆ ಗಾಳಿಯಂತ್ರ ತಿರಗತಾವ.
ಏಪ್ರಿಲ್‌ನಾಗ ಅಲ್ಲಿಂದ ಬರೋ ಗಾಳಿ
ಕೊಲಿಮಿ ಉಸಿರು ಬಿಟ್ಟಂಗ.
ಹವಾಮಾನ ಕೆಟ್ಟೈತಿ ಅಂತಾನ ಟೀವಿಯವ,
ಅದು ದೊಡ್ಡವರ ಲೆಕ್ಕ.
ನನ್ನ ಲೆಕ್ಕ ನೂರರ ಮ್ಯಾಲೆ ಬಂದ್ರ ತಪ್ಪತದ,
ಬೆರಳು ನಾಲಿಗಿಗೆ ಹಚ್ಚಿ ಮತ್ತ ಶುರು.

ಹೆಣ್ಣುಮಕ್ಕಳು ನನಗ ಒಂದು ಕೆಲಸ ಹೇಳಿದ್ರು:
"ಮಾಮಾ, ಹಳೇ ಹೆಸರು ತಿಕ್ಕಿ ತಗಿ,
ಎಲ್ಲಾದರ ಮ್ಯಾಲೂ ಓಣಿ ಹೆಸರು ಹಾಕು."
ಸೂಜಿ ಚಾಲೂ ಮಾಡಿ ಮೊದಲ ತಾಟು ತಗೊಂಡೆ.
ಚಿ. ಸೌ. ಶಾತವ್ವ, ೧೯೯೮.
ನನ್ನದೇ ಕೈ. ಸೊನ್ನಿ ಬಿಟ್ಟಿದ್ದೆ.
ಆಕಿ ಆಗ ಏನೂ ಅನ್ನಲಿಲ್ಲ.
ಓದಾಕ ಬರತಿರಲಿಲ್ಲವೋ,
ಓದಿಯೂ ಸುಮ್ಮನಾದಳೋ,
ಕೇಳೋಣಂದ್ರ ಆಕಿ ಹೋಗಿ ಆರು ವರ್ಷಾತು.

ಅಳಿಸಲಿಲ್ಲ.
ಶಾ ಅಕ್ಷರದ ಪಕ್ಕ ಒಂದು ಸೊನ್ನಿ ಹಾಕಿದೆ,
ಇದ್ದ ಜಾಗದಾಗ ಒತ್ತಿ, ಸಣ್ಣದು.
ಉಳಿದದ್ದಕ್ಕೆಲ್ಲಾ ಬೆನ್ನಿಗೆ ಬರೇ ನಂಬರು.

ಈಗ ಊಟಕ್ಕ ಕೂತ್ರ
ಯಾರ ಹೆಸರು ಯಾರಿಗೆ ಬರತದೋ ಗೊತ್ತಿಲ್ಲ.
ಅನ್ನ ಸರಿಸಿದಂಗ ಒಂದೊಂದೇ ಅಕ್ಷರ ಮ್ಯಾಲೆ ಬರತಾವ.
ಮೊನ್ನೆ ಒಬ್ಬ ಮದುಮಗ
ಸಾರು ಸುರಿದು, ಬಾಗಿ ಓದಿ,
"ಇಕಿ ನಮ್ಮ ಸೋದರತ್ತಿ!" ಅಂತ ಕೂಗಿ
ಮತ್ತೊಂದು ಹೋಳಿಗಿ ಹಾಕಿಸಿಕೊಂಡ.

ಆ ಮದುವಿಯಿಂದ ಒಂದು ತಾಟು ವಾಪಸ್ ಬರಲಿಲ್ಲ.
ನಂಬರು ನೂರಾ ಹದಿನೆಂಟು.
ಮೂರು ಸಲ ಎಣಿಸಿದೆ. ಬೀಗರ ಟೆಂಪೋ ತಡವಿದೆ,
ಗಟಾರಕ್ಕ ಕೋಲು ಹಾಕಿ ನೋಡಿದೆ.
ಗಟಾರದಾಗ ನೀರು ಹರಿಯಾಕತ್ತಿತ್ತು,
ಅದನ್ನ ನೋಡಕೋತ ಸ್ವಲ್ಪ ಹೊತ್ತು ನಿಂತೆ.

"ಹೋಗಲಿ ಬಿಡು," ಅಂದಳು ಅಂಬುಬಾಯಿ,
"ಎಲ್ಲೋ ಯಾರೋ ಉಣ್ಣಾಕತ್ತಾರ.
ಅಟ್ಟದ ಮ್ಯಾಲಂತೂ ಇಲ್ಲ."

ಆಚಿ ಓಣ್ಯಾಗ ಇವತ್ತೂ ಹೊಗಿ ಎದ್ದೈತಿ.
ರೇಷ್ಮಾ ಕಿಡಕಿ ಹಾಕಿ,
ಕೆಮ್ಮಿ, ನೋಟಬುಕ್ಕು ತೊಡಿ ಮ್ಯಾಲೆ ಇಟಕೊಂಡು ಕೇಳತಾಳ:
ಅಜ್ಜಾ, ಎಷ್ಟು ಬರೀಲಿ?
ಹನ್ನೊಂದು ಬರಿ.
ಅದರ ಕೆಳಗ, ನಾಳಿ ತಾರೀಖು ಹಾಕಿ,
ಆಚಿ ಓಣಿಗೆ ನಲವತ್ತು.