ಮಾದರಿ ಹದಿನೇಳು

ಹೊಯಿಗೆಬಜಾರಿನ ಹಂಚಿನ ಕಾರ್ಖಾನೆ ಮುಚ್ಚಿ ಹತ್ತೊಂಬತ್ತು ವರ್ಷ.
ಬೀಗ ತೆಗೆದವರು ಎಲಿಯ ಜತ್ತನ್ನ, ಒಂದು ಕಾಲದ ಭಟ್ಟಿ ಮೇಸ್ತ್ರಿ.
ಮಣ್ಣು ಕೊಳೆಹಾಕುವ ಹೊಂಡದ ಅಂಚಿನಲ್ಲಿ ಕೂತು
ಚೂರು ಆವೆಮಣ್ಣು ಉಗುರಿನಲ್ಲಿ ಕಿತ್ತು ನಾಲಿಗೆಗಿಟ್ಟು
"ಇದು ಇಲ್ಲಿಯದ್ದಲ್ಲ, ಗುರುಪುರ ಹೊಳೆಯದ್ದು,
ದೋಣಿಯಲ್ಲಿ ಬಂದದ್ದು" ಅಂದರು.
ಆಮೇಲೆ ಪಕ್ಕಕ್ಕೆ ತಿರುಗಿ ಉಗುಳಿದರು, ಮರ್ಯಾದೆಯಿಂದ.

ನಾನು ಕೈಗವುಸು ತೊಟ್ಟು, ಸುಟ್ಟ ಚಮಚದಲ್ಲಿ
ಹತ್ತು ಗ್ರಾಂ ತುಂಬಿಕೊಂಡೆ.
"ಇಷ್ಟೇ ಸಾಕಾ ಮಗಾ? ಒಂದು ಹಂಚಿನ ಕಿವಿಯೂ ಆಗುವುದಿಲ್ಲವಲ್ಲ."

ಕೊಣಾಜೆಯ ಲ್ಯಾಬಿನಲ್ಲಿ ಹನ್ನೊಂದನೇ ದಿನ
ತಟ್ಟೆಯ ಮೇಲೆ ಒಂದು ಬೂದಿ ಬೊಟ್ಟು,
ಸುಣ್ಣದಂತೆ ಒಣ, ಸೂಜಿಗೂ ಬಗ್ಗದ್ದು.
ಸುತ್ತ ಬೇರೇನೂ ಬೆಳೆಯಲಿಲ್ಲ.
ಆಸ್ಪತ್ರೆಯಿಂದ ತಂದು ಬಿತ್ತಿದ ಹಠಮಾರಿ ಕ್ರಿಮಿಗಳೂ
ಹದಿನೆಂಟು ಮಿಲಿಮೀಟರ್ ದೂರ ನಿಂತವು,
ಅಮಲೇರಿದವನಿಗೆ ಬಸ್ಸಿನಲ್ಲಿ ಸೀಟು ಬಿಡುವ ಹಾಗೆ.

ಮುಚ್ಚಳ ತೆಗೆದಾಗ ನೆಲ ನೆನೆದ ವಾಸನೆ.
ಝುಹರಾ ಕಿಟಕಿಗೆ ಓಡಿದಳು, ಒಣಗಲು ಹಾಕಿದ ಕೋಟು ತರಲು.
ಹೊರಗೆ ಮಾರ್ಚಿಯ ಬಿಸಿಲು.

ಓದುವ ಯಂತ್ರ ಒಂದು ಕಟ್ಟು ಬೀಡಿಯಷ್ಟೇ.
ತಳದಲ್ಲಿ ಕಣ್ಣಿಗೆ ಕಾಣದ ತೂತುಗಳು.
ನೂಲು ಹಾದುಹೋಗುವಾಗ ಕರೆಂಟು ತುಸು ನಡುಗುತ್ತದೆ,
ಆ ನಡುಕವೇ ಅಕ್ಷರ.
ಎ, ಟಿ, ಜಿ, ಸಿ. ಬರೇ ನಾಲ್ಕು.
ನಮ್ಮಲ್ಲಿ ನಲವತ್ತೊಂಬತ್ತಿದ್ದೂ ಜಗಳ ಮುಗಿದಿಲ್ಲ.
ಈ ಬೂದಿ ಬೊಟ್ಟಿಗೆ ಜಿ, ಸಿ ಎಂದರೆ ಪ್ರಾಣ:
ಜಿಸಿಸಿಜಿಜಿಸಿಜಿ, ಒಂದೇ ತೊದಲು,
ಯಂತ್ರ ಎಡವಿತು, ಮತ್ತೆ ಹಿಡಿಯಿತು.
ರಾತ್ರಿ ಎರಡಕ್ಕೆ ಕರೆಂಟು ಹೋಗಿ ಯುಪಿಎಸ್ ಕೂಗಿದಾಗ
ಫ್ಯಾನು, ದೀಪ ಆರಿಸಿ ಇಬ್ಬರೂ ಬೆವರುತ್ತ ಕೂತೆವು,
ಹೆರಿಗೆ ಕೋಣೆಯ ಹೊರಗಿನ ಗಂಡಂದಿರು.

ಬಂದದ್ದು ತುಂಡು ತುಂಡು.
ಜೋಡಿಸುವ ವಿದ್ಯೆ ಜತ್ತನ್ನರಿಗೆ ಗೊತ್ತಿದ್ದದ್ದೇ:
ಒಂದರ ಬಾಲದ ಮೇಲೆ ಇನ್ನೊಂದರ ತಲೆ,
ಬೆರಳಗಲ ತಪ್ಪಿದರೆ ಆಟಿಯಲ್ಲಿ ಸೋರುತ್ತದೆ.
ಎಂಬತ್ತೆರಡು ಲಕ್ಷ ಅಕ್ಷರ. ಉಂಗುರವಲ್ಲ, ಉದ್ದ ಸಾಲು.
ಎರಡು ತುದಿ ಮಾತ್ರ ಏನು ಮಾಡಿದರೂ ಕೂಡಲಿಲ್ಲ.

ಮದ್ದಿನ ಫಲಿತಾಂಶ ಬಂತು. ಹಳೆಯದು.
ಜಗತ್ತಿಗೆ ಎಂದೋ ಗೊತ್ತಿದ್ದದ್ದು,
ಮೂತ್ರಪಿಂಡ ಸುಡುತ್ತದೆಂದು ಬದಿಗಿಟ್ಟದ್ದು.
ಗೈಡು ಕನ್ನಡಕ ಒರೆಸಿಕೊಂಡರು.
ನಾನು ಕ್ಯಾಂಟೀನಿಗೆ ಹೋಗಿ ಒಂದು ಪ್ಲೇಟು ಗೋಳಿಬಜೆ ತಿಂದೆ,
ಮತ್ತೊಂದು ಪ್ಲೇಟು.

ಆದರೆ ಆ ಸಾಲಿನಲ್ಲಿ ಇನ್ನೂ ಇಪ್ಪತ್ತೊಂಬತ್ತು ಅಡುಗೆ
ಬರೆದಿಟ್ಟಿದೆ. ಒಮ್ಮೆಯೂ ಒಲೆ ಹೊತ್ತಿಸಿಲ್ಲ.
ಉಪ್ಪು ಹಾಕಿದೆ, ಉಪವಾಸ ಕೆಡವಿದೆ,
ಪಕ್ಕದಲ್ಲೇ ಶತ್ರುವನ್ನು ಕೂರಿಸಿದೆ.
ಬಾಯಿ ಬಿಡಲಿಲ್ಲ.
ಆ ಹೊಂಡದ ಯಾವ ನೆರೆಯವನಿಗಾಗಿ ಕಾಯುತ್ತಿದೆಯೋ?

ಇನ್ನಷ್ಟು ಮಣ್ಣು ತರೋಣವೆಂದು ಹೋದೆ.
ಹೊಂಡವಿರಲಿಲ್ಲ. ಮುರಕಲ್ಲಿನ ಪುಡಿ ತುಂಬಿ ಸಮ ಮಾಡಿದ್ದರು.
ಹದಿನಾರು ಮಹಡಿಯ ಬೋರ್ಡಿನಲ್ಲಿ ನಮಗಿಂತ ನೀಲಿಯಾದ ನೇತ್ರಾವತಿ.
ಜತ್ತನ್ನ ಗೇಟಿನ ಹೊರಗೆ ಸ್ಟೂಲಿನ ಮೇಲೆ.
"ಎಲ್ಲಿಯ ತನಕ ಓದಿದೆ?"
"ತುದಿ ಎರಡು ಬಾಕಿ."
"ಮಣ್ಣು?"
"ಚಿಟಿಕೆಯಷ್ಟಿದೆ. ಮೈನಸ್ ಎಂಬತ್ತರಲ್ಲಿ."

ಚೀಲದಿಂದ ತಟ್ಟೆ ತೆಗೆದುಕೊಟ್ಟೆ, ಟೇಪು ಸುತ್ತಿದ್ದು.
ತೆರೆಯಬೇಡಿ ಅಂದೆ. ತೆರೆಯಲಿಲ್ಲ.
ಅಂಚಿಗೆ ಮೂಗು ಒತ್ತಿ ಬಹಳ ಹೊತ್ತು ಕೂತರು,
ಹಿಂದೆ ಜೆಸಿಬಿ ಕೂಗುತ್ತ ಹಿಮ್ಮುಖ ಬರುತ್ತಿತ್ತು.
"ಇನ್ನೂ ಹಸಿ," ಅಂದರು.
"ಭಟ್ಟಿಗೆ ಅವಸರ ಮಾಡಬೇಡ."