ಮೊದಲು ನಟ್ಟು

ಮಿಲ್ಡೂರಾದಲ್ಲಿ ಜನವರಿ ಎಂದರೆ
ಬೆಳಿಗ್ಗೆ ಹತ್ತಕ್ಕೇ ತಗಡಿನ ಮಾಡು ಮಾತಾಡತೊಡಗುತ್ತದೆ,
ಟಿಕ್, ಟಿಕ್, ಒಂದೊಂದೇ ಮೊಳೆ ಮೈಮುರಿದಂತೆ.
ನೋರೀನ್ ಟ್ರೆಗಿಯರ್ ಅವರ ಹಿತ್ತಲಲ್ಲಿ
ಮೊಣಕಾಲೂರಿ ಕೂತಿದ್ದೇನೆ.
ಪಕ್ಕದಲ್ಲಿ ಟೀಗನ್, ಕೆಲಸ ಕಲಿಯಲು ಬಂದ ಹುಡುಗಿ,
ಹತ್ತೊಂಬತ್ತು ವರ್ಷ, ಮೂಗಿನ ಮೇಲೆ ಬಿಳಿ ಮುಲಾಮು.
ಬಸಲಿಂಗ ಎಂಬ ನನ್ನ ಹೆಸರನ್ನು ಇಲ್ಲಿ
ಯಾರೂ ಪೂರಾ ಸುತ್ತು ತಿರುಗಿಸುವುದಿಲ್ಲ.
ಬಾಝ್ ಅನ್ನುತ್ತಾರೆ, ಅಷ್ಟಕ್ಕೇ ಬಿಗಿಯಾಯಿತೆಂದು ಬಿಡುತ್ತಾರೆ.
ಇರಲಿ. ಹೆಸರು ಸೋರಿದರೆ ಯಾರೂ ಸಾಯುವುದಿಲ್ಲ.

ಕೊಳವೆ ಹಾಗಲ್ಲ.

ಕನ್ನಡಕ ಹಾಕಿಕೋ, ಟೀಗನ್. ಕೆರೆಯುವಾಗ ಬಾಯಿ ಕೆಳಗಿರಲಿ,
ತಾಮ್ರದ ಪುಡಿ ಮಣ್ಣಿಗೆ ಬೀಳಲಿ, ಒಳಗಲ್ಲ.
ಒಳಗೆ ಹೋದ ಒಂದು ಕಣ
ಹತ್ತು ವರ್ಷ ಸುತ್ತುತ್ತಲೇ ಇರುತ್ತದೆ,
ಮದುವೆ ಮನೆಯಲ್ಲಿ ಕಿವಿಗೆ ಬಿದ್ದ ಚುಚ್ಚುಮಾತಿನ ಹಾಗೆ.
ಈಗ ತುದಿ ಅರಳಿಸು. ಉಮ್ಮತ್ತಿ ಹೂವು ನೋಡಿದ್ದೀಯಾ?
ಇಲ್ಲವೇ? ಸರಿ, ತುತ್ತೂರಿ. ಅಷ್ಟೇ ಅಗಲ, ಅಷ್ಟೇ ನಯ.

ಅರಳಿಸಿದಳು. ಚೆಂದ ಬಂತು, ನನ್ನದಕ್ಕಿಂತ ಚೆಂದ.
ಆಮೇಲೆ ನಟ್ಟು ಹುಡುಕಿದಳು.
ನಟ್ಟು ಅವಳ ಜೇಬಿನಲ್ಲಿತ್ತು.

ಹೂವು ಅರಳಿದ ಮೇಲೆ ನಟ್ಟು ತೂರುವುದಿಲ್ಲ.
ನಾನು ನಗಲಿಲ್ಲ, ನಗುವ ಹಕ್ಕಿಲ್ಲ.
ಸ್ಟಾವ್ರೋಸನ ಕೈಕೆಳಗೆ ಮೊದಲ ವಾರ
ಐದು ಹೂವು ಕತ್ತರಿಸಿ ಎಸೆದವನು ನಾನು.
ಅವನು ಬೈಯಲಿಲ್ಲ, ಹೆಬ್ಬೆರಳು ತೋರಿಸಿದ:
ಬಿಳಿಚಿದ, ಉಗುರಿಲ್ಲದ ತುದಿ.
ಬೆಂಕಿ ಸುಟ್ಟಿದ್ದಲ್ಲ ಬಾಝ್, ತಂಪು ಸುಟ್ಟಿದ್ದು.
ಗ್ಯಾಸು ತುಂಬಿದ ಜಾಯಿಂಟನ್ನು ಬರಿಗೈಲಿ ಬಿಚ್ಚಿದೆ,
ಊಟಕ್ಕೆ ಹೊತ್ತಾಗಿತ್ತು.

ಮತ್ತೆ ಕತ್ತರಿಸಿದಳು. ಮೊದಲು ನಟ್ಟು, ಆಮೇಲೆ ಹೂವು.
ಹೂವಿನ ಬೆನ್ನಿಗೆ ಒಂದೇ ಹನಿ ಎಣ್ಣೆ.
ಬೆರಳಲ್ಲೇ ತಿರುಗಿಸು, ಮರೆಗೆ ಮರೆ ಒಪ್ಪಲಿ,
ಆಮೇಲೆ ಎರಡು ಸ್ಪ್ಯಾನರು, ಒಂದು ಹಿಡಿದಿರಲು, ಒಂದು ತಿರುಗಿಸಲು.
ಕಟ್ ಅಂದೊಡನೆ ನಿಲ್ಲು.
ಇನ್ನೊಂಚೂರು ಎನ್ನುವ ತೋಳಿಗೇ ತಾಮ್ರ ಸೀಳುವುದು.

ನೈಟ್ರೋಜನ್ ತುಂಬಿದೆವು, ಸಾಬೂನು ನೊರೆ ಬಳಿದೆವು.
ಅವಳ ಜಾಯಿಂಟು ಸುಮ್ಮನಿತ್ತು.
ಕೆಳಗಿನದರಲ್ಲಿ, ಗೋಡೆ ಕಡೆಗೆ,
ಸಾಸಿವೆಯಷ್ಟು ಗುಳ್ಳೆ ಕಣ್ಣು ಬಿಟ್ಟಿತು,
ಉಬ್ಬಿತು, ಒಡೆಯಿತು, ಇನ್ನೊಂದು ಕಣ್ಣು ಬಿಟ್ಟಿತು.
ಅದು ನಾನು ಮಾಡಿದ್ದು.
ಇಪ್ಪತ್ತೆರಡು ವರ್ಷದ ಕೈ.

ಟೀಗನ್ ಗುಳ್ಳೆ ನೋಡಿದಳು, ನನ್ನನ್ನು ನೋಡಲಿಲ್ಲ.
ಕಿಟಕಿಯಿಂದ ನೋರೀನ್, ಮುಗಿಯಿತೇ?
ಒಳಗೆ ಅವರ ಗಂಡ, ಮೂಗಿಗೆ ಆಮ್ಲಜನಕದ ನಳಿಕೆ,
ಒದ್ದೆ ಟವೆಲ್ಲು ಹೊದ್ದು ಫ್ಯಾನಿನೆದುರು.
ಇಂದು ಈ ಗುಳ್ಳೆ ಯಾರಿಗೂ ಗೊತ್ತಾಗದು,
ತಣ್ಣನೆ ಗಾಳಿ ಬರುತ್ತದೆ, ಬಿಲ್ಲು ಕೊಟ್ಟು ಹೋಗಬಹುದು.
ಇದು ಹೊತ್ತಿಕೊಳ್ಳುವ ಜಾತಿಯ ಗ್ಯಾಸು.

ಇಲ್ಲ, ಅಂದೆ. ನನ್ನದು ಸೋರುತ್ತಿದೆ.

ಒತ್ತಡವಿಳಿಸಿ ಬಿಚ್ಚಿದರೆ
ಹೂವಿನಂಚಿನಲ್ಲಿ ಕೂದಲಿನಂಥ ಗೀರು.
ಕಟರನ್ನು ಟೀಗನ್ ಕೈಗೆ ಕೊಟ್ಟೆ.
ಅವಳು ಮೊದಲು ನಟ್ಟು ಎಲ್ಲಿದೆ ನೋಡಿಕೊಂಡಳು.

ಈ ಸಲ ಗುಳ್ಳೆ ಏಳಲಿಲ್ಲ.
ಪಂಪು ಗಾಳಿಯನ್ನೂ ತೇವವನ್ನೂ ಹೀರಿ ನಿಂತಿತು.
ಆಮೇಲಿನ ಕೆಲಸ ಕಾಯುವುದು:
ಖಾಲಿ ಖಾಲಿಯಾಗಿಯೇ ಉಳಿಯುತ್ತದೆಯೇ ಎಂದು.
ನೋರೀನ್ ತಂದ ನಿಂಬೆ ಶರಬತ್ತಿನಲ್ಲಿ
ಐಸು ಕರಗುವಷ್ಟು ಹೊತ್ತು, ಮತ್ತೂ ಅಷ್ಟು ಹೊತ್ತು.
ನಾಯಿ ಬಂದು ಮೀಟರಿನ ನೆರಳಿನಲ್ಲಿ ಮಲಗಿತು.
ಅಂಕೆ ಅಲುಗಲಿಲ್ಲ.

ವಾಲ್ವು ಬಿಚ್ಚಿದೆ. ಸುಯ್ ಎಂದು ಗ್ಯಾಸು
ಕೊಳವೆಯೊಳಗೆ ಹೆಜ್ಜೆಯಿಟ್ಟ ಸದ್ದು.
ಸ್ವಲ್ಪ ಹೊತ್ತಿಗೆ ಒಳಗೆ ಮುದುಕ
ಟವೆಲ್ಲು ತೆಗೆದು, ನಾಲ್ಕು ಮಡಿಕೆ ಮಡಚಿ
ತೊಡೆಯ ಮೇಲಿಟ್ಟುಕೊಂಡ.

ವ್ಯಾನು ಹತ್ತುವಾಗ ಟೀಗನ್ ಕೇಳಿದಳು,
ನಿನ್ನ ಹೆಸರು ನಿಜಕ್ಕೂ ಹೇಗೆ ಹೇಳುವುದು?
ಹೇಳಿಕೊಟ್ಟೆ.
ಬಸ, ಅಂದಳು. ಬಸಲಿಂ, ಅಂದಳು.
ಕಾಲು ಸುತ್ತು ಬಾಕಿ.