ಮೂರು ತಾಸು ಇಪ್ಪತ್ತು ನಿಮಿಷ

ಲಿಬರ್ಟಿ ಅವೆನ್ಯೂದಿಂದ ಎರಡು ಬೀದಿ ಒಳಗೆ ನನ್ನ ಮನೆ.
ಕ್ವೀನ್ಸಿನ ಈ ಮಗ್ಗುಲಲ್ಲಿ ಯಾರನ್ನು ಕೇಳಿದರೂ ತೋರಿಸುತ್ತಾರೆ:
ಬಸ್ಮತೀ ರಾಮ್‌ದೇಹಲ್, ಪೈಲಟ್ಟುಗಳಿಗೆ ಮಂಚ ಕೊಡುವವಳು.
ನೆಲಮಾಳಿಗೆಯಲ್ಲಿ ಒಂದರ ಮೇಲೊಂದು ಆರು ಮಂಚ,
ಬಾಡಿಗೆ ಕೊಡುವವರು ಹನ್ನೊಂದು ಜನ.
ಒಬ್ಬ ಎದ್ದ ಬಿಸುಪು ಆರುವ ಮುಂಚೆ ಇನ್ನೊಬ್ಬ.

ಸೋಮವಾರ ರಾತ್ರಿ ಒಮಾಹಾದಿಂದ ಬರುತ್ತಾನೆ ವೆಂಡೆಲ್ ಕುಚೇರ.
ತೋಳಿನ ಮೇಲೆ ಮೂರು ಚಿನ್ನದ ಪಟ್ಟಿ,
ಕೈಯಲ್ಲಿ ನೀಲಿ ಐಸ್ ಡಬ್ಬಿ, ಡಬ್ಬಿಯೊಳಗೆ ಹದಿನೆಂಟು ಮೊಟ್ಟೆ.
"ಇಲ್ಲಿಯ ಮೊಟ್ಟೆಗೇನು ರೋಗ?" ಎಂದೆ ಮೊದಲ ಸಲ.
"ಏನೂ ಇಲ್ಲ. ಕೋಳಿ ಅದೇ, ಬೆಲೆ ಬೇರೆ."
ಇನ್ಯಾರೋ ಹಾರಿಸುವ ವಿಮಾನದ ಕೊನೆಯ ಸೀಟಿನಲ್ಲಿ
ತೊಡೆಯ ಮೇಲಿಟ್ಟುಕೊಂಡು ತರುತ್ತಾನೆ,
ಸಾವಿರದ ಚಿಲ್ಲರೆ ಮೈಲಿ,
ಒಂದೂ ಒಡೆಯದೆ.

ಫ್ರಿಜ್ಜಿನ ಬಾಗಿಲಿಗೊಂದು ಕಾಗದ ಅಂಟಿಸಿದ್ದಾನೆ,
ಮನೆ ಬಾಡಿಗೆಯ ಪಟ್ಟಿ. ಡಾಲರಿನಲ್ಲಲ್ಲ, ತಾಸಿನಲ್ಲಿ.
ಒಮಾಹಾ, ಹನ್ನೆರಡು ತಾಸು.
ಡಲ್ಲಾಸ್, ಹತ್ತೊಂಬತ್ತು.
ಇಲ್ಲಿ, ಮೂವತ್ತಾರು.
ಸ್ಯಾನ್ ಫ್ರಾನ್ಸಿಸ್ಕೋ ಎಂದು ಬರೆದು ಮುಂದೆ ಖಾಲಿ ಬಿಟ್ಟಿದ್ದಾನೆ,
ಯಾರೋ ಅಲ್ಲೊಂದು ನಗುಮುಖ ಗೀಚಿದ್ದಾರೆ.
ಕಂಪನಿ ಎಲ್ಲ ಊರಿಗೂ ಒಂದೇ ಸಂಬಳ ಕೊಡುತ್ತದಂತೆ.
ತಕ್ಕಡಿ ಒಂದೇ,
ಊರೂರಿಗೆ ತೂಕದ ಕಲ್ಲು ಬೇರೆ.

"ತಾಸು ಎಂದರೆ ಯಾವ ತಾಸು?"
"ಬ್ರೇಕ್ ಬಿಟ್ಟ ಮೇಲಿನದು. ಚಕ್ರ ಉರುಳಿದರೆ ದುಡ್ಡು.
ಅದಕ್ಕೆ ಮೊದಲು ಟೈರು ನೋಡಿದ್ದು, ಮಂಜು ಕರಗಲು ಕಾದದ್ದು,
ಅಳುವ ಹುಡುಗನಿಗೆ ಕಾಕ್‌ಪಿಟ್ ತೋರಿಸಿದ್ದು,
ಅವೆಲ್ಲ ಪುಗಸಟ್ಟೆ."
ನಾನು ಇಪ್ಪತ್ತೆರಡು ವರ್ಷ ಆಸ್ಪತ್ರೆಯ ನೆಲ ಒರೆಸಿದವಳು, ರಾತ್ರಿಪಾಳಿ.
ಕಾರ್ಡು ತೂರಿಸಿದ ಕ್ಷಣದಿಂದ ನನಗೆ ಸಂಬಳ,
ಬಕೆಟ್ಟಿಗೆ ನೀರು ತುಂಬುವ ಹೊತ್ತಿಗೂ.
ಇದನ್ನು ಅವನಿಗೆ ಹೇಳಲಿಲ್ಲ.

"ಮತ್ತೆ ನನ್ನ ಮಂಚ?"
ಪೆನ್ನು ತೆಗೆದು ಕೊನೆಯ ಸಾಲಿಗೆ ಸೇರಿಸಿದ: ಮೂರು ತಾಸು.
ಅಂದಿನಿಂದ ಮಾಡಿನ ಮೇಲೆ ವಿಮಾನ ಗುಡುಗಿದಾಗಲೆಲ್ಲ
ಸೌಟು ಹಿಡಿದವಳು ಹಾಗೇ ನಿಂತುಬಿಡುತ್ತೇನೆ,
ಇದು ನನ್ನ ಕಂಬಳಿಯೋ, ಬಿಸಿನೀರೋ,
ಇಲ್ಲಾ ಬೇರೆ ಯಾರದೋ ಮನೆಯ ಕಿಟಕಿಯೋ ಎಂದು.

ಮಾರ್ಚಿನಲ್ಲಿ ಮನೆಯ ತೆರಿಗೆ ಏರಿತು. ಬಾಯ್ಲರ್ ಕೈಕೊಟ್ಟಿತು.
ಹನ್ನೊಂದು ಜನರಿಗೂ ಹೇಳಬೇಕು.
ಹತ್ತು ಜನರಿಗೆ ಹೇಳಿದೆ.
ಅವನಿಗೆಂದು ಮೆಟ್ಟಿಲಿಳಿದು ಹೋದರೆ ಮಲಗಿಬಿಟ್ಟಿದ್ದ.
ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಿದ್ದಳು ಬರ್ಬೀಸಿನ ನನ್ನತ್ತೆ;
ಆರಡಿ ಮೂರಂಗುಲದ ಆಳು ಏನು ಮಾಡಬೇಕು ಎಂದು ಹೇಳಿರಲಿಲ್ಲ.
ಪಾದವೆರಡೂ ಮಂಚದಾಚೆ,
ಒಂದು ಕಾಲುಚೀಲದ ಹಿಮ್ಮಡಿಯಲ್ಲಿ ತೂತು.

ಅಂದು ಬಿರುಗಾಳಿ. ಗೇಟಿನಲ್ಲೇ ಐದು ತಾಸು ಕೂತು
ಹಾರಾಟ ರದ್ದಾಗಿ ವಾಪಸು ಬಂದಿದ್ದನಂತೆ.
ಫ್ರಿಜ್ಜಿನ ಕಾಗದದಂಚಿನಲ್ಲಿ ಸಣ್ಣಗೆ ಬರೆದಿದ್ದ:
ಬುಧವಾರ, ಸೊನ್ನೆ.

ದೀಪ ಆರಿಸಿದೆ. ಮತ್ತೆ ಹಾಕಿದೆ.
ಡಾಲರಿನಲ್ಲಿ ಬರೆಯಲು ಕೈ ಬರಲಿಲ್ಲ.
ಅವನ ಮೂರು ತಾಸಿನ ಪಕ್ಕ, ಅವನದೇ ಪೆನ್ನಿನಲ್ಲಿ,
ಇಪ್ಪತ್ತು ನಿಮಿಷ ಎಂದು ಬರೆದು
ಮೇಲೆ ಹೋಗಿ ಮಲಗಿದೆ. ನಿದ್ದೆ ಬಂತು ಎಂದರೆ ಸುಳ್ಳಾಗುತ್ತದೆ.

ಬೆಳಿಗ್ಗೆ ಬಾಣಲೆಯ ಸದ್ದು.
ಕಾಗದ ಓದಿದ್ದನೆಂದು ಅವನ ಬೆನ್ನು ನೋಡಿದರೇ ಗೊತ್ತಾಯಿತು.
ಮಾತಾಡಲಿಲ್ಲ. ಎರಡು ಮೊಟ್ಟೆ ಒಡೆದ,
ಒಂದನ್ನು ನನ್ನ ತಟ್ಟೆಗೆ ಜಾರಿಸಿದ.
"ಇದಕ್ಕೆಷ್ಟು ನಿಮಿಷ?" ಎಂದೆ, ಏನಾದರೂ ಹೇಳಬೇಕಲ್ಲ ಎಂದು.
ಟೈ ಬಿಗಿಯುತ್ತ ಕೇಳಿದ:
"ಒಮಾಹಾದ್ದೋ, ಇಲ್ಲಿಯದೋ?"